ಕರುವನ್ನೂ ಕೂಸನ್ನೂ ತಾಯಿಯಿಂದ ದೂರ ಇಡಬೇಡಿ

ತಮಿಳುನಾಡಿನ ಹೊಸೂರು ಸೀಮೆಯ ತಳಿ, ಡೆಂಕಣಿಕೋಟೆ ಕಡೆ ನಾಟಿ ಹಸು ಕರೆಯುವವರು ಮೊದಲು ಪಾತ್ರೆ ಹಿಡಿಯುವುದಿಲ್ಲ, ಕರು ಬಿಚ್ಚುತ್ತಾರೆ. ಅದು ನುಗ್ಗಿ ಬಂದು ಕೆಚ್ಚಲಿಗೆ ಗುದ್ದಿ ಮೊಲೆಗೆ ಬಾಯಿ ಹಾಕುತ್ತದೆ. ತಾಯಿ ಕತ್ತು ಹೊರಳಿಸಿ ಕರುವಿನ ಬಾಲದ ಬುಡ ಮೂಸುತ್ತದೆ, ನೆಕ್ಕುತ್ತದೆ. ನೋಡನೋಡುತ್ತಲೇ ಜೋತಿದ್ದ ಮೊಲೆ ಬಿಗಿದು ಹಸು ಸೊರೆ ಬಿಡುತ್ತದೆ. ಆಗ ಕರುವನ್ನು ತಾಯಿಯ ಮುಂಗಾಲಿನ ಬಳಿ ಕಟ್ಟಿ ಕರೆಯಲು ಕೂರುತ್ತಾರೆ.

ಕರುವಿನ ವಾಸನೆ, ಗುದ್ದು, ಅಂಬಾ ದನಿ ಹಸುವಿನ ಮಿದುಳನ್ನು ಮುಟ್ಟಿದಾಗ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕಿಳಿದು ಹಾಲನ್ನು ಮೊಲೆಗೆ ತಳ್ಳುತ್ತದೆ. ಅದರ ಬಲ ಕೆಲವೇ ನಿಮಿಷ. ಕರು ಸತ್ತರೆ ಹಿಂದಿನವರು ಅದರ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುತ್ತಿದ್ದರು. ಮೋಸವೇ ನಿಜ, ಆದರೆ ವಾಸನೆಯ ಬೆಲೆ ಬಲ್ಲವರ ಮೋಸ. ಈಗಿನ ಅಡ್ಡದಾರಿ ಅದೇ ಹಾರ್ಮೋನಿನ ಇಂಜೆಕ್ಷನ್. ಹಾಲಿನಾಸೆಗೆ ಹಸುವಿನ ಆರೋಗ್ಯ ಕೆಡಿಸುವ ಚುಚ್ಚುಮದ್ದು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಕಲಮಿನಡಿ ಅಪರಾಧ.

ತಾಯ್ತನವೆಲ್ಲ ಹೆತ್ತವಳ ಒಳಗೇ ಇರುತ್ತದೆ ಎನ್ನುವವರು ನ್ಯೂಯಾರ್ಕ್ ವಿಶ್ವವಿದ್ಯಾಲಯದ ರಾಬರ್ಟ್ ಫ್ರೋಮ್ಕೆ ತಂಡ 2015ರಲ್ಲಿ ಪ್ರಕಟಿಸಿದ ಇಲಿಗಳ ಪ್ರಯೋಗ ನೋಡಬೇಕು. ಗೂಡಿನಿಂದಾಚೆ ಬಿದ್ದ ಮರಿ ನಮ್ಮ ಕಿವಿಗೆ ನಿಲುಕದ ಕೀಚಲು ದನಿಯಲ್ಲಿ ಕೂಗುತ್ತದೆ. ಹೆತ್ತ ಇಲಿ ಓಡಿಬಂದು ಕಚ್ಚಿಕೊಂಡು ಹೋಗುತ್ತದೆ; ಹೆರದ ಇಲಿ ಸಾಮಾನ್ಯವಾಗಿ ಅತ್ತ ತಿರುಗಿಯೂ ನೋಡದು. ಅದರ ಮಿದುಳಿನಲ್ಲಿ ಕೇಳಿಸಿಕೊಳ್ಳುವ ಭಾಗಕ್ಕೆ ಆಕ್ಸಿಟೋಸಿನ್ ಮುಟ್ಟಿಸಿ ಮರಿಗಳ ಜೊತೆ ಬಿಟ್ಟಾಗ ಅದೂ ಮರಿಯನ್ನು ಹೊತ್ತು ತರಲು ಕಲಿಯಿತು. ಹಾರ್ಮೋನು ಕಿವಿ ತೆರೆಸಿತು, ಕರೆದದ್ದು ಮಾತ್ರ ಮರಿ.

ಹೆರದವರೂ ತಾಯಿಯಾಗುವುದಕ್ಕೆ ಹೊಸೂರಿನ ಕಾಡೇ ಸಾಕ್ಷಿ. 2017ರಲ್ಲಿ ಇಲ್ಲಿ ತಬ್ಬಲಿಯಾಗಿ, ಗಾಯಗೊಂಡು ಸಿಕ್ಕ ಮರಿಯಾನೆ ರಘು, ಮುದುಮಲೆಯ ತೆಪ್ಪಕಾಡು ಶಿಬಿರದಲ್ಲಿ ಬೊಮ್ಮನ್, ಬೆಳ್ಳಿ ದಂಪತಿಯ ಕೈಯಲ್ಲಿ ಬೆಳೆಯಿತು. 2023ರಲ್ಲಿ ಆಸ್ಕರ್ ಪಡೆದ ಸಾಕ್ಷ್ಯಚಿತ್ರ ‘ದಿ ಎಲಿಫೆಂಟ್ ವಿಸ್ಪರರ್ಸ್’ನದು ಅದೇ ಕತೆ.

ಮನುಷ್ಯರಲ್ಲೂ ಕೆಲಸ ಮಾಡುವುದು ಅದೇ ಆಕ್ಸಿಟೋಸಿನ್. ಪಕ್ಕದ ಮನೆಯ ಕೂಸು ಅತ್ತರೂ ಬಾಣಂತಿಯ ರವಿಕೆ ಒದ್ದೆಯಾಗುವುದುಂಟು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನ ಹೆರಿಗೆಗಳಲ್ಲಿ ಶೇ. 44.9 ಸಿಸೇರಿಯನ್. ಸಿಸೇರಿಯನ್ ಆದಾಗ ಎಷ್ಟೋ ಕಡೆ ಕೂಸು ಬಟ್ಟೆ ಸುತ್ತಿಕೊಂಡು ನೆಂಟರ ಕೈಗೆ ಹೋಗುತ್ತದೆ, ತಾಯಿ ಇನ್ನೊಂದು ಕೋಣೆಯಲ್ಲಿ ಒಬ್ಬಳೇ ಮಲಗಿರುತ್ತಾಳೆ. ಸಿಸೇರಿಯನ್ ಆದವಳಿಗೆ ಮಮತೆ ಕಡಿಮೆ ಎಂದಲ್ಲ. ಹಾಗೆ ಆಡಿಕೊಳ್ಳುವವರು ಬಾಯಿ ಮುಚ್ಚಲಿ. ಕೊರತೆ ತಾಯಿಯದಲ್ಲ, ಏರ್ಪಾಡಿನದು.

ಆ ಏರ್ಪಾಡು ಬದಲಿಸಿದರೆ ಜೀವಗಳೇ ಉಳಿಯುತ್ತವೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1ರಿಂದ 1.8 ಕಿಲೋ ತೂಕದ ಕೂಸುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿದರು. ಚೇತರಿಸಿಕೊಳ್ಳುವವರೆಗೆ ಬೇರೆಯಿಟ್ಟ ಕೂಸುಗಳಿಗೆ ಹೋಲಿಸಿದರೆ ಮೊದಲ 28 ದಿನಗಳ ಸಾವು ಕಾಲು ಭಾಗದಷ್ಟು ತಗ್ಗಿತು. ಇದಕ್ಕೆ ಬೇಕಾದದ್ದು ದುಬಾರಿ ಯಂತ್ರವಲ್ಲ, ಶಿಶು ಘಟಕದೊಳಗೆ ತಾಯಿಗೊಂದು ಮಂಚ.

ಹೊಸೂರು, ಕೃಷ್ಣಗಿರಿಯ ಆಸ್ಪತ್ರೆಗಳು ಸರ್ಕಾರಿಯಾಗಲಿ, ಖಾಸಗಿಯಾಗಲಿ ಆ ಮಂಚ ಹಾಕಲಿ. ಹೆರಿಗೆಗೆ ಸೇರಿಸುವವರೂ ಅಷ್ಟೇ, ಮುಂಗಡ ಎಷ್ಟು ಎಂದು ಕೇಳುವಾಗಲೇ ಕೂಸನ್ನು ತಾಯಿಯ ಎದೆಯ ಮೇಲೆ ಎಷ್ಟು ಹೊತ್ತಿಗೆ ಮಲಗಿಸುತ್ತೀರಿ ಎಂದೂ ಕೇಳಿ.