ಕೋವಿಗೆ ಹೂವು, ಚೀಲಕ್ಕೆ ಮೊಳೆ

ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರ ಬರುವ ಕೈಲ್ ಮುಹೂರ್ತದ ದಿನ ಕೋವಿಗೆ ಸಲ್ಲುವ ಮರ್ಯಾದೆ ಮನುಷ್ಯರಿಗೂ ಸಲ್ಲುವುದಿಲ್ಲ. ಒರೆಸಿ, ಎಣ್ಣೆ ಸವರಿ, ತೋಕ್‌ಪೂ ಎಂಬ ಕೋವಿಹೂವನ್ನು ಮುಡಿಸಿ ದೀಪದ ಎದುರು ಇರಿಸುತ್ತಾರೆ. ಅದು ಯಾವ ಅಜ್ಜನ ಕಾಲದ್ದು ಎಂಬುದು ಮನೆಯ ಮಕ್ಕಳಿಗೂ ಬಾಯಿಪಾಠ. ಆ ಪೂಜೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಹಿಂದಿನ ಜಗಲಿಯ ಮೊಳೆಯಲ್ಲಿ ತೂಗುಬಿದ್ದ ಚರ್ಮದ ಚೀಲದ ಬಗ್ಗೆ. ಅದಕ್ಕೆ ಹೂವಿಲ್ಲ, ದೀಪವಿಲ್ಲ. ಹೊಲಿದವರು ಯಾರು ಎಂದು ನಾನು ಕೇಳಿದ ಮನೆಗಳಲ್ಲೆಲ್ಲ ಒಂದೇ ಉತ್ತರ: “ಯಾರೋ ಚಪ್ಪಲಿ ಹೊಲಿಯುವವ ಮಾಡಿಕೊಟ್ಟದ್ದು, ಟೀಚರೇ.” ಆ ‘ಯಾರೋ’ ಎಂಬ ಮಾತಿನೊಡನೆಯೇ ನನ್ನ ಜಗಳ.

ತೋಟಾ ಕೋವಿಯನ್ನು ಮಾತ್ರ ಕಂಡವರಿಗೆ ಆ ಚೀಲದ ಬೆಲೆ ತಿಳಿಯದು. ಹಳೆಯ ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಅಳತೆಯ ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಸೀಸದ ಚರೆ ಹಾಕಿ, ಮತ್ತೆ ನಾರು ತುರುಕಿ, ಕೊನೆಗೆ ಹಿಂಬದಿಗೆ ಕೇಪು ಸಿಕ್ಕಿಸಬೇಕು. ಇಷ್ಟೂ ಸರಂಜಾಮು ಕೈಗೆಟುಕಬೇಕು, ಅದೂ ಕೊಡಗಿನ ಮಳೆಯಲ್ಲಿ. ಮದ್ದು ನೆನೆದರೆ ಕೋವಿ ಬರೀ ದೊಣ್ಣೆ. ಕಿಡಿ ತಾಗಿದರೆ ಹೊತ್ತವನಿಗೇ ಗಂಡಾಂತರ. ಆದ್ದರಿಂದ ಚೀಲದ ಮುಚ್ಚಳ ಬಾಯನ್ನು ದಾಟಿ ಕೆಳಕ್ಕೆ ಇಳಿದಿರಬೇಕು. ಕೇಪಿಗೆ ಬೇರೆಯೇ ಪುಟ್ಟ ಜೇಬು ಬೇಕು. ಕಣ್ಣು ಹಾಯಿಸದೆ ಕೈಹಾಕಿದರೂ ಬೇಕಾದ್ದು ಸಿಗುವಷ್ಟು ಬಾಯಿ ಅಗಲವಿರಬೇಕು. ಓಡುವಾಗ ತೊಡೆಗೆ ಬಡಿಯದಂತೆ ಪಟ್ಟಿಯ ಉದ್ದ ಇರಬೇಕು. ಇದನ್ನೆಲ್ಲ ಲೆಕ್ಕ ಹಾಕಿದ ತಲೆಗೆ ಹೆಸರಿಲ್ಲವೆ?

ಕೈಯ ಕೆಲಸವಂತೂ ಇನ್ನೂ ದೊಡ್ಡದು. ತೊಗಲನ್ನು ಸುಣ್ಣದ ನೀರಿನಲ್ಲಿಟ್ಟು ಕೂದಲು ತೆಗೆಯಬೇಕು. ತಂಗಡಿ ತೊಗಟೆ, ಅಳಲೆಕಾಯಿಗಳ ಒಗರುನೀರಿನಲ್ಲಿ ವಾರಗಟ್ಟಲೆ ಹದ ಮಾಡಬೇಕು. ಆಮೇಲೆ ಹೊಲಿಗೆ. ಸಮದೂರಕ್ಕೆ ಗುರುತು ಹಾಕಿ, ಉಳಿಯಿಂದ ತೂತು ಮಾಡಿ, ಮೇಣ ತಿಕ್ಕಿದ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಪ್ರತಿ ತೂತಿನಲ್ಲೂ ಎರಡು ಕಡೆಯಿಂದ ದಾಟಿಸುತ್ತಾರೆ. ಒಂದು ಎಳೆ ಸವೆದು ಹರಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಮೆಷಿನ್ನಿನ ಹೊಲಿಗೆಗೆ ಆ ಬಾಳಿಕೆ ಇಲ್ಲ.

ಇದೇ ಕೆಲಸಕ್ಕೆ ಅಮೆರಿಕದಲ್ಲಿ ಎಂಥ ಗೌರವವಿದೆ ನೋಡಿ. 18ನೆಯ ಶತಮಾನದಲ್ಲಿ ಅಪಲೇಚಿಯನ್ ಬೆಟ್ಟಗಳಾಚೆ ತಿಂಗಳುಗಟ್ಟಲೆ ಬೇಟೆಗೆ ಹೋಗುತ್ತಿದ್ದವರು ಮದ್ದಿನ ಕೊಂಬಿನ ಜೊತೆಗೆ ಇಂಥ ಚೀಲವನ್ನೇ ಹೆಗಲಿಗೆ ಹಾಕುತ್ತಿದ್ದರು. ಬಾಯಿಂದ ತುಂಬುವ ಕೋವಿಯ ಹವ್ಯಾಸಿಗಳಿಗೆ ಅಲ್ಲಿ 1933ರಿಂದ ಒಂದು ರಾಷ್ಟ್ರೀಯ ಸಂಘವೇ ಇದೆ. ನೌಕರಿಯವರು, ನಿವೃತ್ತರು ಹಳೆಯ ಚೀಲವನ್ನು ನೋಡಿಕೊಂಡು ಹೊಸದನ್ನು ತಾವೇ ಹೊಲಿದು ಹೆಮ್ಮೆಯಿಂದ ತೋರಿಸುತ್ತಾರೆ. ಆ ದೇಶದ ಬಣ್ಣಭೇದ ನನಗೆ ತಿಳಿಯದ್ದಲ್ಲ. ಆದರೆ ಚರ್ಮ ಮುಟ್ಟಿದವನನ್ನು ಅಂಗಳದಲ್ಲಿ ನಿಲ್ಲಿಸುವ ಜಾಣತನ ನಮ್ಮದೇ.

ಮದ್ದಲೆಗೆ ಬಿಗಿದ ಚರ್ಮ ದೇವಸ್ಥಾನದೊಳಕ್ಕೆ ಹೋಗುತ್ತದೆ, ಬಿಗಿದವನು ಹೊರಗೆ. ಹನ್ನೆರಡನೆಯ ಶತಮಾನದ ಮಾದಾರ ಚೆನ್ನಯ್ಯ ತನ್ನ ಅಂಕಿತದಲ್ಲೇ ಉಳಿಯನ್ನೂ ಕತ್ತಿಯನ್ನೂ ಇಟ್ಟುಕೊಂಡ. ನಾವು ಜಯಂತಿಯ ದಿನ ಭಾಷಣ ಮಾಡಿ ಕೈ ತೊಳೆದುಕೊಳ್ಳುತ್ತೇವೆ. 2025ರಲ್ಲಿ ಇಟಲಿಯ ಫ್ಯಾಷನ್ ಸಂಸ್ಥೆಯೊಂದು ಕೊಲ್ಹಾಪುರಿಯಂಥ ಚಪ್ಪಲಿಯನ್ನು ಮೂಲ ಹೇಳದೆ ಪ್ರದರ್ಶಿಸಿದಾಗ ದೇಶವೆಲ್ಲ ಸಿಟ್ಟಾಯಿತು. ಸರಿಯೇ. ಆದರೆ ‘ಯಾರೋ’ ಎನ್ನುವುದನ್ನು ಅವರು ನಮ್ಮಿಂದಲೇ ಕಲಿತಂತಿತ್ತಲ್ಲ!

“ಬೇಟೆಯೇ ನಿಂತ ಮೇಲೆ ಚೀಲ ಯಾಕೆ?” ಎನ್ನುವವರಿದ್ದಾರೆ. 1972ರ ವನ್ಯಜೀವಿ ಕಾಯ್ದೆಯ ಪರವೇ ನಾನು, ಪ್ರಾಣಿಗಳು ಬದುಕಲಿ. ಆದರೆ ಕೋವಿ ಹೋಗಿಲ್ಲ. 1861ರಲ್ಲಿ ದೊರೆತ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು; 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೇಟೆಯಿಲ್ಲದ ಕೋವಿ ಪರಂಪರೆಯಾಗುವುದಾದರೆ ಅದರ ಚೀಲ ಯಾಕಾಗಬಾರದು?

ಇನ್ನು ಕೆಲವರು, “ಆ ಜನರ ಮಕ್ಕಳೇ ಕಸುಬನ್ನು ಉಳಿಸಿಕೊಳ್ಳಲಿ” ಎಂದು ಮೃದುವಾಗಿ ಹೇಳುತ್ತಾರೆ. ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವುದು ಈ ಮಾತು. ದಾಖಲಾತಿಯ ದಿನ ತಂದೆಯ ಉದ್ಯೋಗ ಕೇಳಿದಾಗ ತಲೆ ತಗ್ಗಿಸಿ ‘ಕೂಲಿ’ ಎಂದ ಮಕ್ಕಳ ಹೆಸರನ್ನು ನಾನೇ ರಿಜಿಸ್ಟರಿನಲ್ಲಿ ಬರೆದುಕೊಂಡಿದ್ದೇನೆ. ಆ ನಾಚಿಕೆಯನ್ನು ಅವರ ತಲೆಯ ಮೇಲೆ ಹೇರಿದವರು ನಾವು. ಈಗ ಕಸುಬಿನ ಹೊರೆಯನ್ನೂ ಅವರೇ ಹೊರಬೇಕೆ? ಆ ಮಗು ಡಾಕ್ಟರಾಗಲಿ, ತಹಸೀಲ್ದಾರನಾಗಲಿ. ಉಳಿ ಹಿಡಿಯುವುದನ್ನು ಉಳಿದವರ ಮಕ್ಕಳೂ ಕಲಿಯಲಿ.

ಇದು ಹೊಸ ಮಾತೇನಲ್ಲ. ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ ಚಪ್ಪಲಿ ಹೊಲಿಯಲು ಕಲಿತು, 1914ರಲ್ಲಿ ಜನರಲ್ ಸ್ಮಟ್ಸ್‌ಗೆ ಒಂದು ಜೊತೆ ಕೊಟ್ಟರು. 1937ರ ವಾರ್ಧಾ ಸಮ್ಮೇಳನದ ಬೆನ್ನಿಗೆ ಜಾಕಿರ್ ಹುಸೇನ್ ಸಮಿತಿ ಶಾಲೆಯಲ್ಲಿ ಕಲಿಸಬಹುದಾದ ಕಸುಬುಗಳಲ್ಲಿ ನೂಲುವುದು, ಬಡಗಿತನಗಳ ಜೊತೆಗೆ ಚರ್ಮದ ಕೆಲಸವನ್ನೂ ಸೇರಿಸಿತ್ತು. ನಾನು ಕಂಡ ಶಾಲೆಗಳ ಕಾರ್ಯಾನುಭವದ ಪೀರಿಯಡ್ಡಿನಲ್ಲಿ ನಡೆಯುವುದು ಬಣ್ಣದ ಕಾಗದದ ಹೂವು. ಅದನ್ನು ಮುಟ್ಟಿದರೆ ಯಾವ ಪೋಷಕರೂ ದೂರು ತರುವುದಿಲ್ಲ, ಅಷ್ಟೇ ಅದರ ಗುಣ.

ವಾರಕ್ಕೆ ಒಂದು ದಿನ ಚರ್ಮದ ಕೆಲಸ ಬಲ್ಲವರನ್ನು ಶಾಲೆಗೆ ಕರೆಯಿರಿ. ಸಂಬಳ ಕೊಡಿ, ಕುರ್ಚಿ ಕೊಡಿ, ಮೇಷ್ಟ್ರೇ ಎಂದು ಕೂಗಿ. ಎಲ್ಲ ಜಾತಿಯ ಮಕ್ಕಳೂ ಒಂದೇ ಚಾಪೆಯಲ್ಲಿ ಕುಳಿತು ಒಂದೊಂದು ಚೀಲ ಹೊಲಿಯಲಿ. ಒಳಗೆ ಬುತ್ತಿ ಇಡಲಿ, ಪುಸ್ತಕ ಇಡಲಿ. ಬೆರಳಿಗೆ ಒಮ್ಮೆ ಉಳಿ ಚುಚ್ಚಿಸಿಕೊಂಡ ಹುಡುಗ ಮುಂದೆ ಯಾವ ಚೀಲವನ್ನು ಕಂಡರೂ ‘ಯಾರೋ ಮಾಡಿದ್ದು’ ಎಂದು ಹೇಳಲಾರ.