ಗುಮ್ಮಘಟ್ಟದ ಬೋರು ನೀರು, ವೈದ್ಯರ ಎಚ್-ಇಂಡೆಕ್ಸ್

ಫ್ಲೋರೋಸಿಸ್ ಮೂಳೆಗೆ ಇಳಿದವರನ್ನು ಹಿಂದಿನಿಂದ ಯಾರಾದರೂ ಕೂಗಿದರೆ ಅವರ ಕುತ್ತಿಗೆಯಷ್ಟೇ ತಿರುಗುವುದಿಲ್ಲ. ಕೋಲೂರಿ, ಪಾದ ಸರಿಸಿ, ಇಡೀ ಮೈಯನ್ನೇ ತಿರುಗಿಸಿಕೊಂಡು ನೋಡುತ್ತಾರೆ. ಬೆನ್ನಮೂಳೆ ಬೆಸೆದುಕೊಂಡು ಮರದ ಹಲಗೆಯಂತಾಗಿರುತ್ತದೆ. ಅದೇ ಮನೆಯ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟೆ. ಗುಮ್ಮಘಟ್ಟ, ರಾಯದುರ್ಗ, ಮಡಕಶಿರಗಳನ್ನು ಒಳಗೊಂಡಿದ್ದ ಹಳೆಯ ಅನಂತಪುರ ಜಿಲ್ಲೆಗೂ ಗಡಿಯಾಚೆಯ ಪಾವಗಡಕ್ಕೂ ಈ ನೋಟ ಹೊಸದಲ್ಲ. ಹಗರಿ ಹೊಳೆಯಲ್ಲಿ ನೀರಿಲ್ಲದ ವರ್ಷಗಳೇ ಹೆಚ್ಚು, ಉಳಿದದ್ದು ಬೋರು. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು. ಈ ಸೀಮೆಯ ಎಷ್ಟೋ ಬೋರುಗಳು ಆ ಗೆರೆ ದಾಟಿವೆ.

ಈ ಕಾಯಿಲೆಗೆ ನೀರೇ ಕಾರಣ ಎಂಬುದು ತಾನಾಗಿ ಗೊತ್ತಾದದ್ದಲ್ಲ. 1937ರಲ್ಲಿ ಶಾರ್ಟ್, ಪಂಡಿತ್, ರಾಘವಾಚಾರಿ ಎಂಬ ಮೂವರು ಮದ್ರಾಸ್ ಪ್ರೆಸಿಡೆನ್ಸಿಯ ನೆಲ್ಲೂರು ಕಡೆಯ ರೋಗಿಗಳನ್ನು ನೋಡಿ ‘ಇಂಡಿಯನ್ ಮೆಡಿಕಲ್ ಗೆಜೆಟ್’ನಲ್ಲಿ ಬರೆದರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ, ನಡೆಯುವಾಗ ಮಂಡಿಗೆ ಮಂಡಿ ತಾಗುವಂತೆ ಕಾಲು ಸೊಟ್ಟಗಾದ ಎಳೆಯರ ಬಗ್ಗೆ ‘ಲ್ಯಾನ್ಸೆಟ್’ನಲ್ಲಿ ಬರೆದರು. ಮೊದಲ ಲೇಖನ ಬಂದಾಗ, ಅದನ್ನು ಎಷ್ಟು ಮಂದಿ ಉಲ್ಲೇಖಿಸಿದರು ಎಂದು ಎಣಿಸಿ ವೈದ್ಯರನ್ನು ತೂಗುವ ಪದ್ಧತಿ ಇರಲಿಲ್ಲ. ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ಯಾವ ಲೇಖನವನ್ನು ಯಾರು ಉಲ್ಲೇಖಿಸಿದರು ಎಂಬ ಸೂಚಿ ತಂದದ್ದು 1960ರ ದಶಕದಲ್ಲಿ.

ಈಗ ವೈದ್ಯ ಸಂಶೋಧಕರ ಯೋಗ್ಯತೆಯನ್ನು ಅಂಥ ಎಣಿಕೆಯಲ್ಲೇ ತೂಗುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಎಚ್-ಇಂಡೆಕ್ಸ್. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಸೂಚಿಸಿದ್ದು. ಒಬ್ಬರ 10 ಲೇಖನಗಳು ತಲಾ 10 ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಅವರ ಅಂಕ 10. ಜೀವಮಾನದಲ್ಲಿ ಮೂರೇ ಲೇಖನ ಬರೆದು, ಒಂದೊಂದೂ 500 ಬಾರಿ ಉಲ್ಲೇಖಗೊಂಡಿದ್ದರೂ ಅಂಕ 3ನ್ನು ದಾಟದು. ಇಂಪ್ಯಾಕ್ಟ್ ಫ್ಯಾಕ್ಟರ್ ಇನ್ನೊಂದು ಬಗೆ. ಒಂದು ಜರ್ನಲ್‌ನಲ್ಲಿ ಹಿಂದಿನ ಎರಡು ವರ್ಷ ಬಂದ ಲೇಖನಗಳು ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖಗೊಂಡವು ಎಂಬ ಲೆಕ್ಕವದು. ಅಳೆಯುವುದು ಜರ್ನಲನ್ನು, ಅದರಲ್ಲಿ ಬರೆದ ವೈದ್ಯರನ್ನಲ್ಲ. ಆದರೂ ಬಡ್ತಿಯ ಅರ್ಜಿಯಲ್ಲಿ ಅದು ವೈದ್ಯರ ಹೆಸರಿನ ಪಕ್ಕ ಬಂದು ಕೂರುತ್ತದೆ.

ಎಣಿಕೆಯೇ ಬೇಡ ಎನ್ನುವುದೂ ಸರಿಯಲ್ಲ. 2016ರಲ್ಲಿ ಡಾ. ಸಮೀರನ್ ನಂದಿ ಮತ್ತು ಸಂಗಡಿಗರು ದೇಶದ 579 ವೈದ್ಯಕೀಯ ಸಂಸ್ಥೆಗಳ ಹತ್ತು ವರ್ಷದ ಪ್ರಕಟಣೆ ಲೆಕ್ಕ ಹಾಕಿದರು. 332 ಸಂಸ್ಥೆಗಳಿಂದ ಒಂದು ಲೇಖನವೂ ಬಂದಿರಲಿಲ್ಲ. ಕರ್ನಾಟಕ ಮತ್ತು ಕೇರಳದಲ್ಲಂತೂ ಶೇ 90ಕ್ಕೂ ಹೆಚ್ಚು ಕಾಲೇಜುಗಳ ಖಾತೆ ಖಾಲಿ ಎಂದು ಆ ಅಧ್ಯಯನ ಹೇಳಿತು. ವೈದ್ಯಕೀಯ ಶಿಕ್ಷಣಕ್ಕೆ ಹೆಸರಾದ ನಾಡಿಗೆ ತಲೆ ತಗ್ಗಿಸುವ ಮಾತಿದು, ಎಣಿಸದಿದ್ದರೆ ಹೊರಗೆ ಬರುತ್ತಲೇ ಇರಲಿಲ್ಲ.

ಆದರೆ ಕಂಡುಕೊಂಡ ಮದ್ದು ರೋಗಕ್ಕಿಂತ ಕೆಟ್ಟದಾಯಿತು. ಬಡ್ತಿಗೆ ಇಷ್ಟು ಲೇಖನ ಕಡ್ಡಾಯ ಎಂದ ಮೇಲೆ, ದುಡ್ಡು ಕಟ್ಟಿದರೆ ಏನನ್ನೂ ಅಚ್ಚು ಹಾಕುವ ಜರ್ನಲ್‌ಗಳು ನಾಯಿಕೊಡೆಗಳಂತೆ ಎದ್ದವು. 2015ರಲ್ಲಿ ಪ್ರಕಟವಾದ ಶೆನ್ ಮತ್ತು ಬ್ಯೋರ್ಕ್ ಅವರ ಅಧ್ಯಯನದ ಪ್ರಕಾರ ಅಂಥ ಜರ್ನಲ್‌ಗಳಲ್ಲಿ ಬರೆದವರಲ್ಲಿ ಸುಮಾರು ಮೂರನೇ ಒಂದು ಭಾಗ ಭಾರತದವರು. ಹಗಲೆಲ್ಲ ಒಪಿಡಿಯಲ್ಲಿ ರೋಗಿಗಳ ಸಾಲು, ರಾತ್ರಿ ಪಾಳಿ, ನಡುವೆ ಪಾಠ. ಸಂಶೋಧನೆಗೆ ಬಿಡುವೂ ಕೊಡದೆ, ದುಡ್ಡೂ ಕೊಡದೆ ಲೇಖನ ಮಾತ್ರ ತನ್ನಿ ಎಂದರೆ ವೈದ್ಯರು ಎಲ್ಲಿಂದ ತಂದಾರು?

ಉಲ್ಲೇಖವೆಲ್ಲ ಮೆಚ್ಚುಗೆಯೂ ಅಲ್ಲ. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಆಂಡ್ರ್ಯೂ ವೇಕ್‌ಫೀಲ್ಡ್ ಅವರ 1998ರ ಲೇಖನವನ್ನು ‘ಲ್ಯಾನ್ಸೆಟ್’ 2010ರಲ್ಲಿ ಹಿಂತೆಗೆದುಕೊಂಡಿತು. ಅದನ್ನು ಸಾವಿರಕ್ಕೂ ಹೆಚ್ಚು ಮಂದಿ ಉಲ್ಲೇಖಿಸಿದ್ದಾರೆ. ಹೆಚ್ಚಿನವರು ಉಲ್ಲೇಖಿಸಿದ್ದು ತಪ್ಪು ಎಂದು ತೋರಿಸಲಿಕ್ಕೆ. ಎಣಿಸುವ ಯಂತ್ರಕ್ಕೆ ಹೊಗಳಿಕೆಯೂ ತೆಗಳಿಕೆಯೂ ಒಂದೇ.

ಈ ಎಣಿಕೆಯಿಂದ ಹೆಚ್ಚು ನಷ್ಟ ಗುಮ್ಮಘಟ್ಟದಂಥ ಊರುಗಳಿಗೆ. ಕ್ಯಾನ್ಸರ್, ಹೃದ್ರೋಗ ಅಂದರೆ ಲೋಕದ ತುಂಬ ಸಂಶೋಧಕರು; ಒಬ್ಬರು ಬರೆದದ್ದನ್ನು ಸಾವಿರ ಜನ ಉಲ್ಲೇಖಿಸುತ್ತಾರೆ. ಫ್ಲೋರೋಸಿಸ್ ಮೇಲೆ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯ ಮೇಲೆ, ಸಾಗರದ ಹಂದಿಗೋಡು ರೋಗದ ಮೇಲೆ ಕೆಲಸ ಮಾಡುವವರು ಕೆಲವೇ ಮಂದಿ. ಬರೆಯುವವರೇ ಕಡಿಮೆ ಇದ್ದಲ್ಲಿ ಉಲ್ಲೇಖಿಸುವವರು ಎಲ್ಲಿಂದ ಬರಬೇಕು? ಅಂಕವನ್ನೇ ನಂಬಿದ ಕಿರಿಯ ವೈದ್ಯರು ಇಂಥ ಕಾಯಿಲೆಗಳತ್ತ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಅವರನ್ನು ದೂರುವಂತೆಯೂ ಇಲ್ಲ.

ಹೀಗಿದ್ದೂ ಅನಂತಪುರದ ನೆಲದಲ್ಲೇ ಒಳ್ಳೆಯ ಕೆಲಸ ನಡೆದಿದೆ. ವಿನ್ಸೆಂಟ್ ಫೆರರ್ ಕಟ್ಟಿದ ಗ್ರಾಮೀಣಾಭಿವೃದ್ಧಿ ಟ್ರಸ್ಟಿನ ಬತ್ತಲಪಲ್ಲಿ ಆಸ್ಪತ್ರೆಯಲ್ಲಿ ಡಾ. ಗೆರಾರ್ಡೊ ಅಲ್ವಾರೆಜ್-ಉರಿಯಾ ಮತ್ತು ಸ್ಥಳೀಯ ವೈದ್ಯರು ಸೇರಿ ಜಿಲ್ಲೆಯ ಸಾವಿರಾರು ಎಚ್‌ಐವಿ ರೋಗಿಗಳ ದಾಖಲೆ ಇಟ್ಟರು. ಎಚ್‌ಐವಿ ಯಾರಿಗೆ, ಹೇಗೆ ಅಂಟಿತು, ಜೊತೆಗೆ ಯಾವ ಸೋಂಕುಗಳಿದ್ದವು ಎಂಬುದನ್ನು 2012ರಲ್ಲಿ ‘ಇನ್ಫೆಕ್ಷಿಯಸ್ ಡಿಸೀಸ್ ರಿಪೋರ್ಟ್ಸ್’ನಲ್ಲಿ ಪ್ರಕಟಿಸಿದರು. ಅದು ದೊಡ್ಡ ಹೆಸರಿನ ಜರ್ನಲ್ ಅಲ್ಲ. ಆದರೆ ಮಹಾನಗರದ ಆಸ್ಪತ್ರೆಯಲ್ಲಿ ಕೂತು ಬರೆದ ಪುಸ್ತಕದಲ್ಲಿ ಸಿಗದ ಹಳ್ಳಿಗಾಡಿನ ರೋಗಿ ಆ ಪುಟಗಳಲ್ಲಿದ್ದಾರೆ.

ದಾರಿ ಇಲ್ಲದಿಲ್ಲ. ಜರ್ನಲ್ಲಿನ ಅಂಕ ನೋಡಿ ಸಂಶೋಧಕರನ್ನು ಅಳೆಯಬಾರದು ಎಂಬ ಸ್ಯಾನ್‌ಫ್ರಾನ್ಸಿಸ್ಕೊ ಘೋಷಣೆ 2013ರಲ್ಲೇ ಹೊರಬಂದಿದೆ. ಸಂಶೋಧನೆಗೆ ಹಣ ಕೊಡುವ ಇಂಡಿಯಾ ಅಲಯನ್ಸ್ ಅದಕ್ಕೆ ಸಹಿ ಹಾಕಿದೆ. ಬಳ್ಳಾರಿಯಾಗಲಿ, ಅನಂತಪುರವಾಗಲಿ, ಆಯ್ಕೆ ಸಮಿತಿಗೆ ದಪ್ಪ ಫೈಲು ಬೇಕಿಲ್ಲ. ಅಭ್ಯರ್ಥಿ ತನ್ನ ಮೂರು ಲೇಖನ ಆರಿಸಿ ಕೊಡಲಿ, ಸದಸ್ಯರು ಅವನ್ನು ಓದಿಕೊಂಡು ಬರಲಿ. ಫ್ಲೋರೋಸಿಸ್ ಮೇಲೆ ಬರೆದವರು ಎದುರಿಗೆ ಕೂತಿದ್ದರೆ ಹೀಗೆ ಕೇಳಲಿ: ಯಾವ ಊರಿನ ಬೋರಿನ ನೀರು ಪರೀಕ್ಷೆ ಮಾಡಿಸಿದಿರಿ? ಬಂದ ಫಲಿತಾಂಶ ಪಂಚಾಯ್ತಿಗೆ ಮುಟ್ಟಿತೇ? ಈ ನೀರು ಕುಡಿಯಬೇಡಿ ಎಂದು ಆ ಬೋರಿಗೆ ಕೆಂಪು ಬಣ್ಣ ಬಿತ್ತೇ?