ಪರನಾಡಿನ ವರ್ತಕಸಂಘ: ಸಿಂಗಪುರದ ಪಾಠ

ಬೆಂಗಳೂರಿನ ಸುತ್ತಣ ಸೀಮೆಯಲ್ಲಿ ಜಪಾನೀ ಬಂಡವಾಳದ ಕಾರ್ಖಾನೆಗಳು ನೆಲೆಯೂರಿ ಕಾಲು ಶತಮಾನ ಕಳೆದಿದೆ. ಅವುಗಳೊಡನೆ ಬಂದ ಜಪಾನೀಯರು ಈ ನಗರದಲ್ಲಿ ತಮ್ಮದೊಂದು ಸಂಘವನ್ನೂ ಒಂದು ವಾಣಿಜ್ಯಮಂಡಲವನ್ನೂ ಕಟ್ಟಿಕೊಂಡಿದ್ದಾರೆ. ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ಪರಸ್ಥಳಕ್ಕೆ ಹೋದ ನಾಲ್ವರು ಒಂದೆಡೆ ಕಲೆತು ತಮ್ಮ ನುಡಿಯನ್ನಾಡುವುದು ಮನುಷ್ಯಸ್ವಭಾವ. ಕನ್ನಡಿಗರು ಹೋದೆಡೆಯಲ್ಲೆಲ್ಲಾ ಕನ್ನಡ ಸಂಘ ಹುಟ್ಟುವುದನ್ನು ನಮ್ಮ ವಾಚಕರು ಬಲ್ಲರು. ಆದರೆ ವರ್ತಕರ ಸಂಘವೆಂಬುದು ಬರಿಯ ಹರಟೆಯ ಕಟ್ಟೆಯಲ್ಲ. ಅದರ ಹಿಂದೆ ಹಣವುಂಟು. ಹಣದ ಹಿಂದೆ ಅನೇಕವೇಳೆ ಒಂದು ರಾಜ್ಯಶಕ್ತಿಯುಂಟು. ಇಂತಹ ಸಂಘವು ಆಶ್ರಯವಿತ್ತ ನಾಡಿಗೆ ಯಾವಾಗ ಮಿತ್ರನಾಗುತ್ತದೆ, ಯಾವಾಗ ಮಗ್ಗುಲ ಮುಳ್ಳಾಗುತ್ತದೆ ಎಂಬ ಪ್ರಶ್ನೆಗೆ ಊಹೆಯಿಂದ ಉತ್ತರ ಹೇಳಬೇಕಾದ ಅಗತ್ಯವಿಲ್ಲ. ಸಿಂಗಪುರದ ಜಪಾನೀ ಸಂಘದ ನೂರು ವರ್ಷಗಳಿಗೂ ಮೀರಿದ ಚರಿತ್ರೆಯೇ ಉತ್ತರವನ್ನು ಹೇಳುತ್ತದೆ.

ಸಿಂಗಪುರಕ್ಕೆ ಮೊದಲು ಹೆಚ್ಚಿನ ಸಂಖ್ಯೆಯಲ್ಲಿ ಹೋದ ಜಪಾನೀಯರು ಸಾಹುಕಾರರಲ್ಲ. ಕ್ಯೂಷೂ ದ್ವೀಪದ ಅಮಾಕುಸಾ, ಶಿಮಾಬಾರಾ ಮೊದಲಾದ ಬಡಸೀಮೆಗಳಿಂದ ಹಡಗಿನಲ್ಲಿ ತಂದು ವೇಶ್ಯಾವೃತ್ತಿಗೆ ನೂಕಲ್ಪಟ್ಟ ಹೆಣ್ಣುಮಕ್ಕಳು ಅವರು. ‘ಕರಯುಕಿ-ಸಾನ್’ ಎಂದು ಅವರನ್ನು ಕರೆಯುತ್ತಿದ್ದರು. ಅವರನ್ನು ಅವಲಂಬಿಸಿ ಬಟ್ಟೆಯಂಗಡಿಯವರು, ಕ್ಷೌರಿಕರು, ಛಾಯಾಚಿತ್ರಗಾರರು, ವೈದ್ಯರು ಬಂದರು. ಹೀಗೆ ದಿಕ್ಕಿಲ್ಲದೆ ಸತ್ತ ಹೆಣ್ಣುಗಳಿಗೆ ಮಣ್ಣು ಕೊಡುವ ಸಲುವಾಗಿ 1891ರಲ್ಲಿ ಒಂದು ಜಪಾನೀ ಶ್ಮಶಾನ ಏರ್ಪಟ್ಟಿತು. ಅದಕ್ಕೆ ನೆಲವನ್ನು ಬಿಟ್ಟುಕೊಟ್ಟವನು ಅಂತಹ ಮನೆಗಳನ್ನೇ ನಡೆಸುತ್ತಿದ್ದ ಒಬ್ಬ ಧನಿಕನೆಂಬುದು ವಿಧಿಯ ವಿಡಂಬನೆ. ದೊಡ್ಡ ವ್ಯಾಪಾರಸಂಸ್ಥೆಗಳು, ಬ್ಯಾಂಕುಗಳು, ಹಡಗು ಕಂಪೆನಿಗಳು, ರಬ್ಬರ್ ತೋಟದ ಯಜಮಾನರು ಬಂದುದು ಆಮೇಲೆ. 1912ರಲ್ಲಿ ಮಕ್ಕಳಿಗೆ ಶಾಲೆಯಾಯಿತು. 1915ರಲ್ಲಿ ಜಪಾನೀ ಸಂಘ ಹುಟ್ಟಿತು. ಸಂಘವು ಮರ್ಯಾದಸ್ಥರ ಕೂಟವಾದುದರಿಂದ ಆ ಹೆಣ್ಣುಗಳು ಅದಕ್ಕೆ ನಾಚಿಕೆಯ ವಿಷಯವಾದರು. 1920ರಲ್ಲಿ ಜಪಾನೀ ಕಾನ್ಸಲರ ಆಜ್ಞೆಯಿಂದ ಆ ಮನೆಗಳು ಮುಚ್ಚಿದವು. ಆ ವೃತ್ತಿ ನಿಂತುದು ಒಳ್ಳೆಯದೇ. ಅದರಲ್ಲಿ ಬೆಂದವರ ಮುಂದಿನ ಬಾಳೇನೆಂಬುದನ್ನು ಯೋಚಿಸಿದವರು ವಿರಳ.

ಸಂಘವು ಹುಟ್ಟಿದ ಅದೇ 1915ನೆಯ ಇಸವಿಯ ಫೆಬ್ರವರಿಯಲ್ಲಿ ನಡೆದ ಸಂಗತಿಯೊಂದನ್ನು ಭಾರತೀಯರಾದ ನಾವು ಮರೆಯಲಾರೆವು. ಸಿಂಗಪುರದಲ್ಲಿದ್ದ ಐದನೆಯ ಲೈಟ್ ಇನ್‌ಫೆಂಟ್ರಿಯ ಭಾರತೀಯ ಸಿಪಾಯಿಗಳು ಬ್ರಿಟಿಷರ ವಿರುದ್ಧ ದಂಗೆಯೆದ್ದರು. ಅದನ್ನಡಗಿಸಲು ಬ್ರಿಟಿಷರು ಕೈಚಾಚಿದಾಗ, ಕಾನ್ಸಲರ ಮುಖಾಂತರ ನೂರಕ್ಕೂ ಮೇಲ್ಪಟ್ಟ ಜಪಾನೀ ನಾಗರಿಕರು ವಿಶೇಷ ಪೊಲೀಸರಾಗಿ ಬಂದೂಕು ಹಿಡಿದು ನಿಂತರು. ಜಪಾನೀ ಯುದ್ಧನೌಕೆಗಳ ನಾವಿಕರೂ ಇಳಿದರು. 47 ಮಂದಿ ಸಿಪಾಯಿಗಳನ್ನು ಸೆರೆಮನೆಯ ಗೋಡೆಗೆ ನಿಲ್ಲಿಸಿ ಜನಸಮೂಹದ ಎದುರಿಗೆ ಗುಂಡಿಕ್ಕಲಾಯಿತು. ಜಪಾನು ಆಗ ಇಂಗ್ಲೆಂಡಿನ ಮಿತ್ರರಾಷ್ಟ್ರ. ಅಂಗಡಿಯವನೂ ಕ್ಷೌರಿಕನೂ ತನ್ನ ಸರ್ಕಾರದ ಮೈತ್ರಿಗಾಗಿ ಆಯುಧ ಹಿಡಿದನು. ಇಪ್ಪತ್ತೆಂಟು ವರ್ಷಗಳ ತರುವಾಯ, 1943ರ ಅಕ್ಟೋಬರ್ 21ರಂದು, ಅದೇ ಸಿಂಗಪುರದಲ್ಲಿ ಸುಭಾಷಚಂದ್ರ ಬೋಸರು ಸ್ವತಂತ್ರ ಭಾರತದ ತಾತ್ಕಾಲಿಕ ಸರ್ಕಾರವನ್ನು ಘೋಷಿಸಿದಾಗ ಜಪಾನು ಭಾರತದ ಮಿತ್ರನೆನಿಸಿಕೊಂಡಿತ್ತು. ರಾಜ್ಯಗಳ ಮೈತ್ರಿ ಋತುಮಾನದಂತೆ ಬದಲಾಗುವುದು. ವರ್ತಕರು ತಮ್ಮ ನಡತೆಯನ್ನು ಅದಕ್ಕೆ ಒತ್ತೆಯಿಟ್ಟರೆ ನೆರೆಹೊರೆಯವರ ವಿಶ್ವಾಸವು ಉಳಿಯಲಾರದು.

ಹಾಗೆಯೇ ಆಯಿತು. ಚೀನಾದ ಮೇಲೆ ಜಪಾನಿನ ಆಕ್ರಮಣ ಬೆಳೆದಂತೆಲ್ಲಾ 1919ರಲ್ಲಿ, 1928ರಲ್ಲಿ, 1937ರಲ್ಲಿ ಸಿಂಗಪುರದ ಚೀನೀಯರು ಜಪಾನೀ ಸರಕನ್ನು ಬಹಿಷ್ಕರಿಸಿದರು. ದೊಡ್ಡ ಸಂಸ್ಥೆಗಳು ನಷ್ಟವನ್ನು ತಾಳಿಕೊಂಡವು. ಚಿಕ್ಕ ಅಂಗಡಿಯವರು ಬೀದಿಪಾಲಾದರು. 1941ರ ಡಿಸೆಂಬರಿನಲ್ಲಿ ಯುದ್ಧ ಹೊತ್ತಿಕೊಂಡಾಗ ಮಲಯಾ, ಸಿಂಗಪುರಗಳಲ್ಲಿದ್ದ ಜಪಾನೀಯರನ್ನೆಲ್ಲಾ ಹೆಂಗಸು ಮಕ್ಕಳೆನ್ನದೆ ಬ್ರಿಟಿಷರು ಸೆರೆಹಿಡಿದು, ಅವರಲ್ಲಿ ಬಹುಮಂದಿಯನ್ನು ನಮ್ಮ ದೆಹಲಿಯ ಪುರಾನಾ ಕಿಲ್ಲಾದ ಶಿಬಿರಕ್ಕೂ ಬಳಿಕ ರಾಜಪುತಾನದ ದೇವಳಿಗೂ ಸಾಗಿಸಿದರು. ಇತ್ತ 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿನ ಕೈಸೇರಿತು. ಅನಂತರ ಚೀನೀ ಗಂಡಸರನ್ನು ಸಾವಿರಗಟ್ಟಲೆ ಆರಿಸಿ ಕೊಂದ ಘೋರಕೃತ್ಯವನ್ನು ವಿವರಿಸಲು ಲೇಖನಿ ಹಿಂಜರಿಯುತ್ತದೆ. 1945ರಲ್ಲಿ ಸೋಲಾದ ಮೇಲೆ ಜಪಾನೀಯರನ್ನು ಊರಿನಿಂದ ಹೊರಡಿಸಲಾಯಿತು. ಮೂವತ್ತು ವರ್ಷಗಳ ಸಂಘ, ಶಾಲೆ, ವ್ಯಾಪಾರಗಳೆಲ್ಲವೂ ನೆಲಸಮವಾದವು.

ಇಷ್ಟಾದ ಮೇಲೆ ಅದೇ ಜನ ಅದೇ ಊರಿನಲ್ಲಿ ಹೇಗೆ ಮತ್ತೆ ಬಾಳಿದರು ಎಂಬುದೇ ನಮ್ಮ ಲಕ್ಷ್ಯವನ್ನು ಸೆಳೆಯತಕ್ಕ ವಿಷಯ. 1957ರಲ್ಲಿ ಸಂಘವು ಪುನಃ ಸ್ಥಾಪಿತವಾಯಿತು. ಆದರೆ ಮರೆವು ಅಷ್ಟು ಸುಲಭವಾಗಿ ದೊರೆಯಲಿಲ್ಲ. 1962ರಲ್ಲಿ ಸಾಮೂಹಿಕ ಗೋರಿಗಳು ಅಗೆತದಲ್ಲಿ ಕಾಣಿಸಿಕೊಂಡಾಗ ಚೀನೀ ವಾಣಿಜ್ಯಮಂಡಲವು ಮುಂದಾಗಿ ‘ರಕ್ತಋಣ’ವನ್ನು ತೀರಿಸಬೇಕೆಂದು ಚಳವಳಿ ಹೂಡಿತು, 1963ರ ಆಗಸ್ಟಿನ ಸಭೆಗೆ ಲಕ್ಷಕ್ಕೂ ಮೇಲ್ಪಟ್ಟ ಜನ ಸೇರಿದರು. 1966ರಲ್ಲಿ ಜಪಾನು ಅರ್ಧ ದಾನವಾಗಿಯೂ ಅರ್ಧ ಸಾಲವಾಗಿಯೂ 5 ಕೋಟಿ ಡಾಲರುಗಳನ್ನು ಕೊಡಲು ಒಪ್ಪಿತು. 1967ರ ಫೆಬ್ರವರಿ 15ರಂದು ಮಡಿದ ನಾಗರಿಕರ ಸ್ಮಾರಕಸ್ತಂಭ ಅನಾವರಣಗೊಂಡಿತು. ಇಲ್ಲಿ ಗಮನಿಸತಕ್ಕುದೇನೆಂದರೆ, ಆಶ್ರಯವಿತ್ತ ನಾಡಿನವರಿಗೂ ತಮ್ಮದೇ ಆದ ಬಲವಾದ ವರ್ತಕಸಂಘವಿದ್ದಿತು; ಆದುದರಿಂದಲೇ ನ್ಯಾಯದ ಕೇಳಿಕೆಗೆ ಒಂದು ಕಂಠವೂ ಒಂದು ಕಚೇರಿಯೂ ದೊರೆತವು. ಕಣ್ಣೀರು ಎಷ್ಟೇ ನಿಜವಾಗಿದ್ದರೂ ಸಂಘಟನೆಯಿಲ್ಲದ ಕಣ್ಣೀರನ್ನು ಸರ್ಕಾರಗಳು ಎಣಿಸುವುದಿಲ್ಲ.

1969ರಲ್ಲಿ ಜಪಾನೀ ವಾಣಿಜ್ಯ ಕೈಗಾರಿಕಾ ಮಂಡಲವು ಅಲ್ಲಿ ಬೇರೆಯಾಗಿ ಏರ್ಪಟ್ಟಿತು. 1990ರಲ್ಲಿ ಅದರ ಆಶ್ರಯದಲ್ಲಿ ಒಂದು ನಿಧಿ ಸ್ಥಾಪಿತವಾಗಿ, ಸಿಂಗಪುರದ ಕಲೆ, ಕ್ರೀಡೆ, ವಿದ್ಯಾಭ್ಯಾಸಗಳಿಗೆ ನೆರವು ಕೊಡುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ಸಿಂಗಪುರದ ಜಪಾನೀಯರ ಸಂಖ್ಯೆ 30 ಸಾವಿರದ ಆಸುಪಾಸಿನಲ್ಲಿದೆ. ಅವರ ಮಕ್ಕಳ ಶಾಲೆ, ಪುಸ್ತಕ ಭಂಡಾರ, ವೈದ್ಯಸಹಾಯ, ಬೇಸಗೆಯ ಹಬ್ಬ ಇವೆಲ್ಲಕ್ಕೂ ಸಂಘ ಸಂಸ್ಥೆಗಳೇ ಆಧಾರ. ಇಂತಹ ಸಂಘಗಳು ಒಂದು ಗಾಜಿನ ಗೋಡೆ. ಅದರೊಳಗೆ ನಾಲ್ಕು ವರ್ಷ ಕಳೆದು ಊರಿನ ಭಾಷೆಯ ಒಂದು ಮಾತನ್ನೂ ಕಲಿಯದೆ ಹಿಂದಿರುಗುವ ಅಧಿಕಾರಿಗಳುಂಟು ಎಂದು ಟೀಕಿಸುವವರಿದ್ದಾರೆ. ಆ ಟೀಕೆಯಲ್ಲಿ ಸತ್ಯಾಂಶವುಂಟು. ಆದರೂ ಸಂಘದ ಒಂದು ಕಾರ್ಯವನ್ನು ಮಾತ್ರ ನಾವು ಮನಸಾರೆ ಮೆಚ್ಚುತ್ತೇವೆ. 1891ರ ಆ ಹಳೆಯ ಶ್ಮಶಾನವು ಇಂದು ಒಂದು ಉದ್ಯಾನ. ಅದನ್ನು ನೋಡಿಕೊಳ್ಳುವುದು ಜಪಾನೀ ಸಂಘ. ಅಲ್ಲಿರುವ ಸುಮಾರು 900 ಗೋರಿಗಳಲ್ಲಿ ಸೇನಾಪತಿ ತೆರಾಉಚಿಯ ಸ್ಮಾರಕವೂ ಸಾಹಿತಿ ಫುತಬಾತೆಯಿ ಶಿಮೆಯಿಯ ಸ್ಮಾರಕವೂ ಇವೆ. ಅವುಗಳ ನಡುವೆ ಬಡ ಕರಯುಕಿ-ಸಾನರ ಪುಟ್ಟ ಕಲ್ಲುಗಳೂ ಇವೆ. ಯಾರನ್ನು ಕಂಡು ಮರ್ಯಾದಸ್ಥರು ಒಮ್ಮೆ ಮುಖ ತಿರುಗಿಸಿದರೋ ಅವರ ಕಲ್ಲಿನ ಸುತ್ತ ಬೆಳೆದ ಹುಲ್ಲನ್ನು ಅದೇ ವರ್ಗದ ಸಂಘವು ಇಂದು ತೆಗೆಸುತ್ತಿದೆ. ಲಾಭವಿಲ್ಲದ ಕಡೆ ಸಂಘವೊಂದು ಏನು ಮಾಡುತ್ತದೆ ಎಂಬುದೇ ಅದರ ಶೀಲದ ಒರೆಗಲ್ಲು.

ಈ ಒರೆಗಲ್ಲಿಗೆ ನಮ್ಮವರೂ ನಿಂತುಂಟು. 1893ರಲ್ಲಿ ಮುಂಬಯಿ ಮತ್ತು ಕೋಬೆಗಳ ನಡುವೆ ಹತ್ತಿಯ ಹಡಗು ಓಡಾಡತೊಡಗಿದಂದಿನಿಂದ ಭಾರತೀಯ ವರ್ತಕರು ಜಪಾನಿನಲ್ಲಿ ಬೇರೂರಿದರು. 1923ರ ಮಹಾಭೂಕಂಪದಲ್ಲಿ ಯೊಕೊಹಾಮಾದ ಭಾರತೀಯರು ಕೆಲವರು ಮಡಿದರು. ಉಳಿದವರಿಗೆ ಊರಿನವರು ನೆರವಾದರು. ಆ ಉಪಕಾರದ ಸ್ಮರಣೆಗಾಗಿ ಅಲ್ಲಿನ ಭಾರತೀಯರು 1939ರಲ್ಲಿ ಯಾಮಾಶಿತಾ ಉದ್ಯಾನದಲ್ಲಿ ನೀರಿನ ಬುಗ್ಗೆಯ ಮಂಟಪವೊಂದನ್ನು ಕಟ್ಟಿಸಿಕೊಟ್ಟರು. ಅದು ಇಂದಿಗೂ ನಿಂತಿದೆ.

ಇನ್ನು ನಮ್ಮ ನಾಡಿನ ಮಾತು. ಜಪಾನಿಗೂ ಮೈಸೂರು ಸೀಮೆಗೂ ಬಾಂಧವ್ಯ ಹೊಸದಲ್ಲ. ಜಮಶೇಟಜಿ ತಾತಾರವರು ಬೆಂಗಳೂರಿನಲ್ಲಿ ರೇಷ್ಮೆಯ ತೋಟವನ್ನು ತೆರೆದಾಗ ಜಪಾನೀ ಕುಶಲಿಗಳನ್ನು ಕರೆಸಿದರು. ಬಸವನಗುಡಿಯ ಬಳಿ ಆ ಹೆಸರು ಇನ್ನೂ ಉಳಿದಿದೆ. 1898ರಲ್ಲಿ ಜಪಾನನ್ನು ಕಂಡುಬಂದ ವಿಶ್ವೇಶ್ವರಯ್ಯನವರು ದಿವಾನರಾದ ಮೇಲೆ, 1916ರಲ್ಲಿ, ಅವರ ಪ್ರೋತ್ಸಾಹದಿಂದ ಮೈಸೂರು ವಾಣಿಜ್ಯಮಂಡಲ ಹುಟ್ಟಿತು. ಅಂದರೆ ಸಿಂಗಪುರದ ಜಪಾನೀ ಸಂಘಕ್ಕೂ ನಮ್ಮ ಮಂಡಲಕ್ಕೂ ವಯಸ್ಸಿನಲ್ಲಿ ಒಂದೇ ವರ್ಷದ ಅಂತರ. ಬಿಡದಿಯಲ್ಲಿ 1999ರಿಂದ ಮೋಟಾರುಗಳು ತಯಾರಾಗುತ್ತಿವೆ. ತುಮಕೂರಿನ ವಸಂತನರಸಾಪುರವು ಜಪಾನೀ ಕೈಗಾರಿಕಾ ನಗರಗಳ ಯೋಜನೆಯಲ್ಲಿ ಸೇರಿದೆ. ಇವುಗಳಿಂದ ಸಾವಿರಾರು ಮನೆಗಳಲ್ಲಿ ಒಲೆ ಉರಿಯುತ್ತಿರುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 2020ರ ನವೆಂಬರಿನಲ್ಲಿ ಬಿಡದಿಯಲ್ಲಿ ಮುಷ್ಕರವೂ ಬೀಗಮುದ್ರೆಯೂ ಉಂಟಾಗಿ, ಸರ್ಕಾರವು ಎರಡನ್ನೂ ನಿಷೇಧಿಸಿದರೂ ವಿವಾದವು 2021ರ ಮಾರ್ಚಿಯವರೆಗೂ ಎಳೆದುದನ್ನು ಜನ ಮರೆತಿಲ್ಲ. ಯಾರ ತಪ್ಪು ಎಷ್ಟೆಂದು ತೂಗಲು ನಾವಿಲ್ಲಿ ಹೊರಟಿಲ್ಲ. ಬಂಡವಾಳದ ಕಡೆಗೆ ಮಂತ್ರಿಗಳ ಬಾಗಿಲನ್ನು ತಟ್ಟಬಲ್ಲ ಮಂಡಲವಿರುವಾಗ, ನೆಲ ಕೊಟ್ಟ ರೈತನ ಕಡೆಗೂ ಬಿಡಿಭಾಗ ಮಾಡುವ ಸಣ್ಣ ಕೈಗಾರಿಕೆಯವನ ಕಡೆಗೂ ಅಷ್ಟೇ ಗಟ್ಟಿಯಾದ ದನಿಯುಂಟೇ ಎಂಬುದು ನಮ್ಮ ಪ್ರಶ್ನೆ.

ಆದುದರಿಂದ ಮೂರು ಮಾತುಗಳನ್ನು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಪರದೇಶೀ ವಾಣಿಜ್ಯಮಂಡಲಗಳು ಸರ್ಕಾರಕ್ಕೆ ಸಲ್ಲಿಸುವ ಬಿನ್ನಹಗಳೂ ಸರ್ಕಾರ ಕೊಡುವ ಉತ್ತರಗಳೂ ಗುಟ್ಟಾಗಿರದೆ ಪ್ರಕಟವಾಗಬೇಕು. ಅತಿಥಿಗಳು ತಮ್ಮ ಸಂಘದ ಬಾಗಿಲನ್ನು ಊರಿನವರಿಗೆ ತೆರೆದು, ಕೂಲಿಯವನೊಡನೆ ಅವನ ನುಡಿಯಲ್ಲಿ ನಾಲ್ಕು ಮಾತನಾಡುವಷ್ಟಾದರೂ ಕನ್ನಡವನ್ನು ತಮ್ಮ ಸದಸ್ಯರಿಗೆ ಕಲಿಸಬೇಕು. ನಮ್ಮವರೂ ಬರಿಯ ಸ್ವಾಗತಭಾಷಣಗಳಲ್ಲಿ ತೃಪ್ತರಾಗದೆ, ಸಮಾನಸ್ಕಂಧರಾಗಿ ಎದುರು ಕುಳಿತು ಮಾತನಾಡುವ ಸಂಘಶಕ್ತಿಯನ್ನು ಬೆಳೆಸಬೇಕು. ದೀನನಾಗಿ ಬೇಡುವವನೂ ಒಳಗೊಳಗೇ ದ್ವೇಷಿಸುವವನೂ ಒಳ್ಳೆಯ ಅತಿಥೇಯನಾಗಲಾರನು.

ಸಿಂಗಪುರದ ಜಪಾನೀ ಸಂಘವು ತನ್ನ ಮೊದಲ ಮೂವತ್ತು ವರ್ಷಗಳನ್ನು ತನ್ನ ರಾಜ್ಯದ ಬಲವನ್ನು ನಂಬಿ ಕಳೆಯಿತು. ಆ ಬಲ ಮುರಿದಾಗ ಅದರ ಪಾಲಿಗೆ ಉಳಿದುದು ಶ್ಮಶಾನವೊಂದೇ. ಅಲ್ಲಿಂದೀಚಿನ ವರ್ಷಗಳನ್ನು ಅದು ಊರಿನವರ ಒಳ್ಳೆಯ ಮನಸ್ಸನ್ನು ನಂಬಿ ಕಳೆದಿದೆ, ಇಂದಿಗೂ ಬಾಳಿದೆ. ಬೆಂಗಳೂರಿನ ಅತಿಥಿಗಳಿಗೆ ಎರಡನೆಯ ದಾರಿ ಮೊದಲಿನಿಂದಲೇ ತೆರೆದಿದೆ. ಆ ದಾರಿಯಲ್ಲಿ ಅವರೊಡನೆ ಹೆಜ್ಜೆ ಹಾಕುವ ಯೋಗ್ಯತೆಯನ್ನು ಸಂಪಾದಿಸಿಕೊಳ್ಳುವುದು ನಮ್ಮ ಕೆಲಸ.